ಹಗ್ಗದ ಮೇಲೆ ಹತ್ತು ಜರ್ಸಿ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಕಾವೇರಿ ನೀರು ಬರುವ ದಿನ, ಸಂಪು ತುಂಬುವ ತನಕ ಅದರ ಪಕ್ಕದಲ್ಲೇ ಅಡ್ಡಾಡಿದೆ. ಅಪ್ಪನಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಅಮ್ಮ ಅವರೆಕಾಯಿ ಸುಲಿಯಲು ಕೂತಳು. ಅರ್ಧ ಮೊರ ನಾನು ಸುಲಿದೆ. ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು, ಒಂದು ತೆಂಗಿನಕಾಯಿ ತಂದೆ. ಮಷಿನ್ನಿನಿಂದ ಬಟ್ಟೆ ತೆಗೆದು ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದಾಗ ಅಪ್ಪ ರೂಮಿನ ಕಿಟಕಿಯಿಂದ ಕೂಗಿದರು.

"ಆ ಎರಡು ಟವಲ್ ಮಧ್ಯೆ ಜಾಗ ಬಿಟ್ಟಿದ್ಯಲ್ಲ, ಹತ್ರ ಸರ್ಸು."

"ಗಾಳಿ ಆಡ್ಲಿ ಅಂತ ಬಿಟ್ಟೆ ಅಪ್ಪ."

"ಗಾಳಿ ಎಲ್ಲಾ ಕಡೆ ಆಡತ್ತೆ. ಸರ್ಸು."

ಸರಿಸಿದೆ. ವಯಸ್ಸು ಎಂಬತ್ತರ ಹತ್ತಿರ ಬಂದರೂ ನಮ್ಮಪ್ಪ ಹಗ್ಗದ ಮೇಲೆ ಖಾಲಿ ಜಾಗ ಸಹಿಸುವುದಿಲ್ಲ. ಅದಕ್ಕೊಂದು ಕಾರಣ ಇದೆ. ಆ ಕಾರಣವನ್ನೇ ಬರೆಯೋಣವೆಂದು ಮಧ್ಯಾಹ್ನ ಊಟದ ಟೇಬಲ್ಲಿನ ಮುಂದೆ ಕೂತೆ. ಮೊನ್ನೆ ಬೇವಿನಕಟ್ಟೆ ಫುಟ್‌ಬಾಲ್ ಕ್ಲಬ್ಬಿನ ಹುಡುಗನೊಬ್ಬ ಫೋನ್ ಮಾಡಿದ್ದ.

"ಆಂಟಿ, ಕ್ಲಬ್ಬಿಂದು ಸ್ಮರಣ ಸಂಚಿಕೆ ತರ್ತಾ ಇದೀವಿ. ಹಿಸ್ಟರಿ ಬೇಕಿತ್ತು. ಮುನಿರಾಜು ಅಂಕಲ್ ನಿಮ್ಮನ್ನೇ ಕೇಳು ಅಂದ್ರು."

"ಹಿಸ್ಟರಿ ನಂಗೇನ್ ಗೊತ್ತಪ್ಪ? ನಾನು ಯಾವತ್ತಾದ್ರೂ ಆಡಿದ್ನಾ?"

"ಜರ್ಸಿ ಎಲ್ಲಾ ನಿಮ್ಮನೇಲೇ ಇರ್ತಿತ್ತಂತಲ್ಲ. ಅದನ್ನೇ ಬರೀರಿ."

ಸರಿ, ಜರ್ಸಿಯ ವಿಷಯವನ್ನೇ ಬರೆಯುತ್ತೇನೆ. ಯಾರು ಯಾವಾಗ ಗೆದ್ದರು, ಯಾವ ಕಪ್ಪು ತಂದರು ಅನ್ನುವುದನ್ನು ಬೇರೆಯವರು ಬರೆಯಲಿ.

ರಾಜಾಜಿನಗರದ ನಮ್ಮ ಬೀದಿಯ ಮನೆಗಳಿಗೆಲ್ಲ ಹಿತ್ತಲು ಇದ್ದ ಕಾಲ ಅದು. ಹಿತ್ತಲಲ್ಲಿ ಒಗೆಯುವ ಕಲ್ಲು, ಕಲ್ಲಿನ ಪಕ್ಕ ಕರಿಬೇವು, ಗೋಡೆಯ ಆಚೆ ಮೈದಾನ. ಮೈದಾನ ಅಂದರೆ ಕೆಂಪು ಮಣ್ಣು. ಎರಡೂ ತುದಿಗೆ ಸರ್ವೆ ಮರದ ಗೋಲ್ ಕಂಬ, ಒಂದು ಮೂಲೆಯಲ್ಲಿ ಬೇವಿನಮರ, ಅದರ ಸುತ್ತ ಕಲ್ಲಿನ ಕಟ್ಟೆ. ಕ್ಲಬ್ಬಿಗೆ ಆಫೀಸು, ಬೋರ್ಡು ಯಾವುದೂ ಇರಲಿಲ್ಲ. ಆ ಕಟ್ಟೆಯೇ ಕ್ಲಬ್ಬು.

ನಮ್ಮ ಕಡೆಯವರದ್ದು ಮೊದಲಿಂದ ಕಬಡ್ಡಿ. ಫುಟ್‌ಬಾಲ್ ಏನಿದ್ದರೂ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರ ಆಟ. ನಮ್ಮ ತಾತ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ದಂಡಿನಿಂದ ಬರುತ್ತಿದ್ದ ಜೊತೆಗಾರನ ಹತ್ತಿರ ಕಲಿತು ಬಂದು, ರಾಗಿ ಕೊಯ್ದ ಹೊಲದ ಕೂಳೆಯ ಮೇಲೆ ಊರ ಹುಡುಗರನ್ನು ಬರಿಗಾಲಲ್ಲಿ ಓಡಿಸಿದರಂತೆ. ಆಮೇಲೆ ಬಡಾವಣೆ ಬಂತು. "ಹೊಲ ಹೋಯ್ತು, ಚೆಂಡು ಉಳೀತು" ಅಂತ ಅಜ್ಜಿ ಹೇಳುತ್ತಿದ್ದಳು. ಅದು ಬೇಜಾರೋ ಹೆಮ್ಮೆಯೋ ನನಗೆ ಕೊನೆಗೂ ತಿಳಿಯಲಿಲ್ಲ. ತಾತ ಹೋದ ಮೇಲೆ ಕ್ಲಬ್ಬು ಅವರ ಹಿರಿಮಗನ ಕೈಗೆ ಬಂತು, ಅಂದರೆ ನಮ್ಮ ದೊಡ್ಡಪ್ಪನ ಕೈಗೆ. ಬೀದಿಯ ತುದಿಯಲ್ಲಿ ಅವರ ದಿನಸಿ ಅಂಗಡಿ. ಕೊರಳಲ್ಲಿ ಸದಾ ಒಂದು ಸೀಟಿ. ಬೇಳೆ ತೂಗುವಾಗಲೂ ಅದು ತಕ್ಕಡಿಗೆ ತಾಗುತ್ತಿತ್ತು.

ಜರ್ಸಿಗಳು ಮಾತ್ರ ನಮ್ಮ ಮನೆಯಲ್ಲಿ. ಗಿಳಿಹಸಿರು ಬಣ್ಣ, ಬಿಳಿ ಕಾಲರ್, ಬೆನ್ನ ಮೇಲೆ ಬಿಳಿ ಬಟ್ಟೆ ಕತ್ತರಿಸಿ ಹೊಲಿದ ನಂಬರು. ಯಾರಿಗೆ ಯಾವ ನಂಬರು ಅಂತ ಒಮ್ಮೆ ಆದರೆ ಆಯಿತು, ಅವನು ಆಟ ಬಿಡುವ ತನಕ ಅದು ಅವನದೇ. ಮ್ಯಾಚು ಮುಗಿದ ಮೇಲೆ ಎಲ್ಲರೂ ನಮ್ಮ ಹಿತ್ತಲಿಗೆ ಬಂದು, ಕಳಚಿ, ಕಲ್ಲಿನ ಮೇಲೆ ಎಸೆದು ಹೋಗುತ್ತಿದ್ದರು. ಬೆವರು, ಕೆಂಪು ಮಣ್ಣು, ಮೊಣಕಾಲಿಗೆ ಹಚ್ಚಿಕೊಂಡ ಕರ್ಪೂರದೆಣ್ಣೆ ಎಲ್ಲಾ ಸೇರಿ ಒಂದು ವಾಸನೆ. ಕರ್ಪೂರದ ವಾಸನೆಗೆ ಬೇರೆಯವರಿಗೆ ದೇವಸ್ಥಾನ ನೆನಪಾಗುತ್ತದೆ. ನನಗೆ ಭಾನುವಾರದ ಸಂಜೆಯೇ ನೆನಪಾಗುವುದು.

ಅಮ್ಮ ಅವನ್ನೆಲ್ಲ ಒಗೆದು, ಹರಿದದ್ದನ್ನು ಹೊಲಿದು, ನಡುಮನೆಯ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಮುಂದಿನ ಶನಿವಾರ ಮಧ್ಯಾಹ್ನ ದೊಡ್ಡಪ್ಪ ಬಂದು ಪೆಟ್ಟಿಗೆ ತೆಗೆದು, ಮರುದಿನ ಆಡಬೇಕಾದ ಹನ್ನೊಂದು ಜನರ ಜರ್ಸಿಯನ್ನು ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದರು. ಬಿಸಿಲಿಗೆ ಆರಿಸುವುದು ಒಂದು ನೆಪ. ತೆಂಗಿನಮರದ ಕಡೆ ಗೋಲಿಯದು, ಅಂದರೆ ಗೋಲ್‌ಕೀಪರಿನದು, ಆಮೇಲೆ ಬ್ಯಾಕುಗಳು, ಬಚ್ಚಲುಮನೆಯ ಗೋಡೆಯ ಕಡೆಗೆ ಫಾರ್ವರ್ಡುಗಳು. ಟೀಮು ಗೊತ್ತಾಗುತ್ತಿದ್ದದ್ದು ಹಾಗೆ. ಯಾರಿಗೂ ಬಾಯಲ್ಲಿ ಹೇಳುತ್ತಿರಲಿಲ್ಲ. ಹುಡುಗರು ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮೈದಾನದ ಕಡೆಯಿಂದ ಹಾದು, ಗೋಡೆಯ ಮೇಲಿಂದ ಹಗ್ಗ ನೋಡಿ ಹೋಗಬೇಕು. "ಅಣ್ಣ, ನಾನು ಇದೀನಾ?" ಅಂತ ಕೇಳುವುದು ಮರ್ಯಾದೆಯಲ್ಲ. ಹಗ್ಗಕ್ಕೆ ಒಮ್ಮೆ ಹಾಕಿದ್ದನ್ನು ಮತ್ತೆ ಬದಲಿಸುವುದಂತೂ ಇಲ್ಲವೇ ಇಲ್ಲ. ಇದು ತಾತ ಹಾಕಿದ ಪದ್ಧತಿ.

ನಾನು ಹೇಳುತ್ತಿರುವುದು ನಾನು ಐದನೇ ಕ್ಲಾಸು ಪಾಸಾದ ಬೇಸಿಗೆಯ ಕೊನೆ. ಆ ಸಲ ಕ್ಲಬ್ಬಿನ ಗತಿ ಚೆನ್ನಾಗಿರಲಿಲ್ಲ. ಉಳಿದದ್ದು ಒಂದೇ ಮ್ಯಾಚು. ಸೋತರೆ ಕೆಳಗಿನ ಡಿವಿಜನ್ನಿಗೆ ಬೀಳುವುದು. ಡ್ರಾ ಆದರೂ ಸಾಕು, ಉಳಿಯುತ್ತೇವೆ. ತಾತನ ಕಾಲದಿಂದ ಒಮ್ಮೆಯೂ ಬಿದ್ದಿರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಅದೇ ಮಾತು. ನಮ್ಮ ಮನೆಯಲ್ಲಿ ಮಾತ್ರ ಅದರ ಮಾತೇ ಇಲ್ಲ, ಯಾಕೆಂದರೆ ನಮ್ಮ ಮನೆಯ ಚಿಂತೆ ಬೇರೆಯದು.

ಅಪ್ಪ ಲೆಫ್ಟ್ ಬ್ಯಾಕ್. ನಂಬರು ಮೂರು. ನಾನು ಹುಟ್ಟುವ ಮೊದಲಿಂದ ಹಗ್ಗದಲ್ಲಿ ಆ ಜಾಗ ಅವರದು. ಆದರೆ ಆ ವರ್ಷ ಲಗ್ಗೆರೆಯಿಂದ ಮುನಿರಾಜು ಅಂತ ಒಬ್ಬ ಹುಡುಗ ಬಂದಿದ್ದ. ಪೀಣ್ಯದಲ್ಲಿ ಲೇತ್ ಮಷಿನ್ನಿನ ಕೆಲಸ, ಸಣ್ಣ ಮೈ, ಓಡಿದರೆ ಹಿಡಿಯುವವರಿಲ್ಲ. ಅವನ ನಂಬರು ಹದಿನಾಲ್ಕು. ಅವನೂ ಲೆಫ್ಟ್ ಬ್ಯಾಕ್. ಅಪ್ಪನಿಗೆ ಮೊಣಕಾಲು ನೋವು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ವಾರವೆಲ್ಲ ಅಪ್ಪ ಒಂದು ಕಡೆ ಕೂರಲಿಲ್ಲ. ಕಾರ್ಖಾನೆಯಿಂದ ಬಂದವರು ಕಾಫಿ ಲೋಟ ಹಿಡಿದು ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ. ಊಟಕ್ಕೆ ಕೂತರೆ ಮಣೆಯ ಅಂಚಿನಲ್ಲಿ ಪಾದ ಕುಣಿಯುತ್ತಿತ್ತು. ಅಜ್ಜಿ ನನ್ನ ಜೊತೆ ಚೌಕಾಬಾರ ಆಡುತ್ತಾ, "ಯಾಕೋ ರಾಮು, ಬಾಲ ಸುಟ್ಟ ಬೆಕ್ಕಿನ ಥರ ಆಡ್ತೀಯ?" ಅಂದಳು. ಅಪ್ಪ ಬೀದಿಗೆ ಹೋದರು. ಆ ಚಡಪಡಿಕೆ ನನಗೂ ಹತ್ತಿತ್ತು. ಕುಂಟೆಬಿಲ್ಲೆ ಆಡುವಾಗ ಬೇಕಂತಲೇ ಗೆರೆ ತುಳಿದು ಔಟಾಗಿ ಮನೆಗೆ ಓಡಿ ಬರುತ್ತಿದ್ದೆ, ಏನಾದರೂ ಆಯಿತಾ ಅಂತ ನೋಡಲು. ಏನೂ ಆಗಿರುತ್ತಿರಲಿಲ್ಲ.

ಶನಿವಾರ ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ, ಸಂಜೆ ತಡವಾಗಿ ಬರುತ್ತೇನೆಂದು ಹೇಳಿ ಹೋಗಿದ್ದರು. ಮಧ್ಯಾಹ್ನ ದೊಡ್ಡಪ್ಪ ಬಂದು ಪೆಟ್ಟಿಗೆ ತೆಗೆದರು. ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಗೋಲಿಯದನ್ನು ಹಾಕಿದರು. ರೈಟ್ ಬ್ಯಾಕಿನದನ್ನು ಹಾಕಿದರು. ಆಮೇಲೆ ಲೆಫ್ಟ್ ಬ್ಯಾಕಿನ ಕಡೆ ಒಂದು ಜರ್ಸಿ ಹಿಡಿಯುವಷ್ಟು ಜಾಗ ಬಿಟ್ಟು ಮುಂದಿನದನ್ನು ಹಾಕಿದರು. ಗೋಡೆಯ ತನಕ ಹೋಗಿ ಮತ್ತೆ ತಿರುಗಿ ಬಂದು ಆ ಖಾಲಿ ಜಾಗದ ಮುಂದೆ ನಿಂತು, ಸೀಟಿಯನ್ನು ಬೆರಳಲ್ಲಿ ತಿರುವಿದರು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. "ಭಾವ, ಹತ್ತೇ ಹಾಕಿದೀರಿ."

"ಗೊತ್ತಮ್ಮ. ಬೆಳಿಗ್ಗೆ ನೋಡೋಣ."

"ಬೆಳಿಗ್ಗೆ ಅಂದ್ರೆ?"

"ಬೆಳಿಗ್ಗೆ ಅಂದ್ರೆ ಬೆಳಿಗ್ಗೆ. ಅಂಗಡೀಲಿ ಯಾರೂ ಇಲ್ಲ, ಬರ್ತೀನಿ."

ಹಾಗೆ ಜಾಗ ಬಿಟ್ಟದ್ದನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಸಂಜೆಗೆ ಸೈಕಲ್ಲುಗಳು ಹಾದುಹೋಗತೊಡಗಿದವು. ತನ್ನ ನಂಬರು ಕಂಡವನು ನಕ್ಕು ಮುಂದೆ ಹೋಗುವ ಬದಲು ನಿಂತು ಆ ಖಾಲಿ ಜಾಗ ನೋಡುತ್ತಿದ್ದ.

"ಏನ್ ಮಚ್ಚಾ ಇದು, ಹಲ್ಲು ಬಿದ್ದಂಗಿದೆ?"

"ಅಣ್ಣ ತಮ್ಮಂದ್ರ ವಿಷಯ ಮಗಾ, ಸುಮ್ನೆ ಬಾ."

ಮುನಿರಾಜುವೂ ಬಂದ. ಒಂದು ಸುತ್ತು ಹೋಗಿ ಮತ್ತೆ ಬಂದ. ಗೋಡೆಯ ಮೇಲಿಂದ ಅವನ ತಲೆ ಮಾತ್ರ ಕಾಣುತ್ತಿತ್ತು. ಆ ತಲೆ ಬರುವುದು ಹೋಗುವುದು, ಬರುವುದು ಹೋಗುವುದು. ನನಗೆ ಅವನನ್ನು ಕಂಡರೆ ಕೋಪ, ಜೊತೆಗೆ ಯಾಕೋ ಪಾಪ ಅನಿಸುತ್ತಿತ್ತು.

ಅಷ್ಟರಲ್ಲಿ ಮೋಡ ಕವಿದು, ಬೇಸಿಗೆಯ ಕೊನೆಯಲ್ಲಿ ಬರುವಂಥ ದಪ್ಪ ಹನಿಯ ಮಳೆ ಸುರಿಯಿತು. ಅಜ್ಜಿ ಸೆರಗು ತಲೆಗೆ ಹಾಕಿಕೊಂಡು ಓಡಿ ಹೋಗಿ ಎಲ್ಲವನ್ನೂ ಬಾಚಿ ತಂದಳು. ಮಳೆ ಬಂದಷ್ಟೇ ಬೇಗ ನಿಂತಿತು. ಅಜ್ಜಿ ಮತ್ತೆ ಜರ್ಸಿಗಳನ್ನು ಎತ್ತಿಕೊಂಡು ಹೋದಳು. ಅವಳಿಗೆ ಫುಟ್‌ಬಾಲ್ ತಿಳಿಯದು, ಆದರೆ ಗಂಡನ ಕಾಲದಿಂದ ಹಗ್ಗ ನೋಡಿದವಳು. ಯಾವುದರ ಪಕ್ಕ ಯಾವುದು ಅಂತ ಕಣ್ಣು ಮುಚ್ಚಿ ಹಾಕುತ್ತಿದ್ದಳು. ಹಾಕುತ್ತಾ ಹೋಗಿ ನಡುವೆ ನಿಂತಳು.

"ಲೇ ಸರೋಜ, ಹನ್ನೊಂದಲ್ವೇನೇ ಇರ್ಬೇಕಾದ್ದು?"

ಅಮ್ಮ ಮುದ್ದೆಗೆ ಎಸರು ಇಟ್ಟಿದ್ದಳು. ಹಿಟ್ಟಿನ ಕೋಲು ಕೈಯಲ್ಲಿತ್ತು. ಅದನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಆಮೇಲೆ, "ಹೂಂ ಅತ್ತೆ, ಹನ್ನೊಂದೇ" ಅಂದಳು.

"ಒಂದು ಮರೆತುಬಿಟ್ಟಿದಾನೆ ನೋಡು. ಇವನಿಗೆ ಅಂಗಡಿ ಧ್ಯಾನ."

ಅಜ್ಜಿ ಒಳಗೆ ಬಂದು ಪೆಟ್ಟಿಗೆ ತೆಗೆದಳು. ಮೇಲೇ ಇದ್ದದ್ದು ಮೂರನೇ ನಂಬರು. ಅದನ್ನು ಕೊಡವಿ ತಂದು ಖಾಲಿ ಜಾಗಕ್ಕೆ ಹಾಕಿ, ಎಳೆದು ನೇರ ಮಾಡಿ, ಕೈ ಒರೆಸಿಕೊಂಡು ದೀಪ ಹಚ್ಚಲು ಹೋದಳು. ಗೋಡೆಯಾಚೆ ಸೈಕಲ್ ಬೆಲ್ಲು ಒಮ್ಮೆ ಕೇಳಿಸಿತು. ಮುನಿರಾಜುವಿನ ತಲೆ ಬಂದು, ನಿಂತು, ಹೊರಟುಹೋಯಿತು. ಆಮೇಲೆ ಬರಲಿಲ್ಲ.

ಅಪ್ಪ ಬಂದವರು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದರು. ಹಗ್ಗ ನೋಡಿದರು. ಅಲ್ಲೇ ಕಲ್ಲಿನ ಮೇಲೆ ಕೂತು, "ಪುಟ್ಟಿ, ಒಂಚೂರು ನೀರು ತಾ" ಅಂದರು. ಆ ವಾರದಲ್ಲಿ ಅವರು ಸಮಾಧಾನವಾಗಿ ಕೂತದ್ದನ್ನು ನಾನು ನೋಡಿದ್ದು ಆಗಲೇ. ಅಂಗಡಿ ಮುಚ್ಚಿ ಬಂದ ದೊಡ್ಡಪ್ಪ ಕೂಡ ಹಗ್ಗ ನೋಡಿದರು. ಅವರ ಬಾಯಿ ತೆರೆಯಿತು. ಅಪ್ಪನ ಮುಖ ನೋಡಿ ಮುಚ್ಚಿತು. ಹಾಕಿದ್ದನ್ನು ತೆಗೆಯುವ ಹಾಗಿಲ್ಲವಲ್ಲ.

ಭಾನುವಾರ ಮೈದಾನದ ಸುತ್ತ ಜನವೋ ಜನ. ಆಡದ ಹುಡುಗರು ಬೂಟಿನ ಚೀಲ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರಬೇಕು, ಅದೂ ಪದ್ಧತಿ. ಮುನಿರಾಜು ಕೊನೆಯಲ್ಲಿ ಕೂತಿದ್ದ. ಎದುರಿನವರ ಕಡೆ ಒಬ್ಬ ರೈಟ್ ಔಟ್, ಬಲತುದಿಯಿಂದ ನುಗ್ಗುವ ಉದ್ದ ಕೂದಲಿನವನು. ಅಪ್ಪನ ಕಡೆಗೇ ಬರುತ್ತಿದ್ದ. ಮೊದಲ ಸಲ ಅಪ್ಪ ತಡೆದರು. ಆಮೇಲೆ ತಡೆಯಲು ಆಗಲಿಲ್ಲ. ಚೆಂಡು ಎಲ್ಲಿಗೆ ಹೋಗುತ್ತದೆಂದು ಅಪ್ಪನಿಗೆ ಮೊದಲೇ ಗೊತ್ತಾಗುತ್ತಿತ್ತು, ಅದು ನನಗೇ ಕಾಣುತ್ತಿತ್ತು. ಅವರು ಅತ್ತ ತಿರುಗುವಷ್ಟರಲ್ಲಿ ಅವನು ದಾಟಿರುತ್ತಿದ್ದ. ಹಾಗೇ ಒಂದು ಗೋಲು ಆಯಿತು. ಜನರ ನಡುವಿನಿಂದ ಯಾರೋ, "ರಾಮಣ್ಣ, ಬಸ್ ಹಿಡೀರಿ" ಅಂದರು. ಕೆಲವರು ನಕ್ಕರು. ನಾನು ಲಂಗದ ಅಂಚನ್ನು ಬಾಯಲ್ಲಿಟ್ಟು ಜಗಿದು ಒದ್ದೆ ಮಾಡಿಬಿಟ್ಟಿದ್ದೆ.

ಅರ್ಧ ಆಟಕ್ಕೆ ಅಜ್ಜಿ ನಿಂಬೆಹಣ್ಣಿನ ಶರಬತ್ತಿನ ಬಿಂದಿಗೆ ತಂದಳು. ಎಲ್ಲ ಕಟ್ಟೆಯ ಸುತ್ತ ಕೂತರು. ಅಪ್ಪ ಮಾತ್ರ ನಿಂತೇ ಇದ್ದರು.

"ಅಣ್ಣ, ತಲೆ ಕೆಡಿಸ್ಕೋಬೇಡ" ಅಂದರು ದೊಡ್ಡಪ್ಪನಿಗೆ. "ನಂಬಿ ಹಾಕಿದೀಯ. ಇನ್ನು ಆ ಉದ್ದ ಕೂದಲಿನವನನ್ನ ನಂಗೆ ಬಿಡು."

ದೊಡ್ಡಪ್ಪ ನೆಲ ನೋಡಿದರು. ಅಜ್ಜಿ ಲೋಟಕ್ಕೆ ಬಗ್ಗಿಸುತ್ತಾ ಹೇಳಿದಳು, "ಇವನೆಲ್ಲಿ ಹಾಕ್ದ? ಮರೆತು ಹತ್ತೇ ಹಾಕಿ ಹೋಗಿದ್ದ. ಮಳೆ ಬಂದಾಗ ನಾನು ನೋಡಿ ನಿಂದು ಹಾಕ್ದೆ. ಇಲ್ದಿದ್ರೆ ನೀನು ಇವತ್ತು ಅಂಗಿ ಇಲ್ದೆ ಆಡ್ಬೇಕಿತ್ತು."

ಹೆಮ್ಮೆಯಿಂದಲೇ ಹೇಳಿದಳು. ಅಪ್ಪ ಲೋಟ ಎತ್ತಿ ಪೂರ್ತಿ ಕುಡಿದು, ಬಿಂದಿಗೆಯ ಪಕ್ಕ ಇಟ್ಟರು.

"ಜಾಗ ಬಿಟ್ಟಿದ್ಯಾ?"

"ಬೆಳಿಗ್ಗೆ ಹಾಕೋಣ ಅಂತಿದ್ದೆ ಕಣೋ" ಅಂದರು ದೊಡ್ಡಪ್ಪ.

"ಯಾರ್ದು?"

ದೊಡ್ಡಪ್ಪ ಸೀಟಿಯನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು.

"ನಂದೇ ಆಗಿದ್ರೆ ನೀನು ಶನಿವಾರಾನೇ ಹಾಕ್ತಿದ್ದೆ" ಅಂದರು ಅಪ್ಪ. ದನಿ ಏರಿರಲಿಲ್ಲ. ಜರ್ಸಿಯನ್ನು ತಲೆಯ ಮೇಲಿಂದ ಎಳೆದು ತೆಗೆದರು. ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. "ಏಯ್ ಮುನಿರಾಜು, ಬಾರೋ ಇಲ್ಲಿ."

"ಬೇಡ ಅಣ್ಣ, ನೀವೇ ಆಡಿ."

"ಬೇಡ ಅನ್ನಕ್ಕೆ ನೀನ್ಯಾರೋ? ಹಾಕ್ಕೊ. ನಿಂದು ಪೆಟ್ಟಿಗೇಲಿದೆ, ಈಗ ಯಾರು ತರ್ತಾರೆ?"

ಮುನಿರಾಜು ಹಾಕಿಕೊಂಡ. ಅದು ಅವನ ತೊಡೆಯವರೆಗೆ ಬಂತು. ಅಪ್ಪ ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. "ಅವನು ಹೊರಗೆ ಹೋಗೋ ಹಂಗೆ ತೋರ್ಸಿ ಒಳಗೆ ಬರ್ತಾನೆ. ಭುಜ ನೋಡು, ಕಾಲು ನೋಡ್ಬೇಡ. ನಂಗೆ ಗೊತ್ತಾಗತ್ತೆ, ಕಾಲು ಬರಲ್ಲ. ನಿಂಗೆ ಬರತ್ತೆ."

ಉಳಿದರ್ಧ ಅಪ್ಪ ಬನಿಯನ್ನಿನಲ್ಲಿ ಗೆರೆಯ ಉದ್ದಕ್ಕೂ ಓಡಿದರು. ಒಳಗೆ ಆಡಿದ್ದಕ್ಕಿಂತ ಹೆಚ್ಚು ಓಡಿದರು. "ಭುಜ, ಭುಜ" ಅಂತ ಕೂಗಿ ಕೂಗಿ ಗಂಟಲು ಕಟ್ಟಿತು. ಉದ್ದ ಕೂದಲಿನವನು ಆಮೇಲೆ ದಾಟಲಿಲ್ಲ. ಕೊನೆಗೆ ಒಂದು ಗಲಾಟೆಯಲ್ಲಿ ಚೆಂಡು ನಮ್ಮ ಸೆಂಟರ್ ಫಾರ್ವರ್ಡಿನ ಮೊಣಕಾಲಿಗೆ ತಾಗಿ, ಅವನಿಗೇ ಗೊತ್ತಾಗದಂತೆ ಒಳಗೆ ಹೋಯಿತು. ಡ್ರಾ ಆಯಿತು. ಕ್ಲಬ್ಬು ಉಳಿಯಿತು.

ಸಂಜೆ ಎಲ್ಲರೂ ಹಿತ್ತಲಿಗೆ ಬಂದು ಕಳಚಿ ಎಸೆದು ಹೋದರು. ಮುನಿರಾಜು ಮಾತ್ರ ಜರ್ಸಿಯನ್ನು ಮಡಿಚಿ, ಕಲ್ಲಿನ ಅಂಚಿನಲ್ಲಿಟ್ಟು ಹೋದ. ಅಮ್ಮ ಸೋಪು ಹಿಡಿದು ಬಂದಳು. "ಬಿಡು, ಇದನ್ನ ನಾನು ಒಗೀತೀನಿ" ಅಂದರು ಅಪ್ಪ. ಮಣ್ಣಿನ ಕೆಂಪು ಹೋಗುವ ತನಕ ಉಜ್ಜಿದರು. ಅಜ್ಜಿ ಜಗಲಿಯಲ್ಲಿ ಸೆರಗು ಕಣ್ಣಿಗೆ ಒತ್ತಿಕೊಂಡು ಕೂತಿದ್ದಳು. ಆ ಹೊತ್ತಿಗೆ ಅವಳಿಗೆ ಯಾರೋ ತಿಳಿಸಿ ಹೇಳಿದ್ದರು. ಅಪ್ಪ ಒದ್ದೆ ಕೈಯಲ್ಲೇ ಹೋಗಿ ಪಕ್ಕ ಕೂತರು.

"ಅವ್ವ, ನೀನು ಸರಿಯಾಗೇ ಹಾಕಿದೀಯ. ಹಗ್ಗ ಖಾಲಿ ಬಿಡಬಾರದು. ಇನ್ನು ಮೇಲೆ ಅದನ್ನ ನಾನು ನೋಡ್ಕೊತೀನಿ."

ಮುಂದಿನ ಸೀಸನ್ನಿನಿಂದ ಹಗ್ಗಕ್ಕೆ ಹಾಕುವ ಕೆಲಸ ಅಪ್ಪನದಾಯಿತು. ದೊಡ್ಡಪ್ಪ ಸೀಟಿ ಇಟ್ಟುಕೊಂಡರು, ಹಗ್ಗ ಬಿಟ್ಟುಕೊಟ್ಟರು. ಶನಿವಾರ ಅಪ್ಪ ಎಲ್ಲಕ್ಕಿಂತ ಮೊದಲು ಹದಿನಾಲ್ಕನೇ ನಂಬರು ತೆಗೆದು ಲೆಫ್ಟ್ ಬ್ಯಾಕಿನ ಜಾಗಕ್ಕೆ ಹಾಕಿ, ಆಮೇಲೆ ಉಳಿದವನ್ನು ಹಾಕುತ್ತಿದ್ದರು. ಯಾರನ್ನು ಬಿಟ್ಟರೂ ಬೆಳಗಿನ ತನಕ ಕಾಯಿಸಲಿಲ್ಲ. ಮೂರನೇ ನಂಬರು ಮತ್ತೆ ಹಗ್ಗ ಏರಲಿಲ್ಲ.

ಈಗ ಅಜ್ಜಿ ಇಲ್ಲ, ದೊಡ್ಡಪ್ಪ ಇಲ್ಲ. ಮೈದಾನ ಪಾರ್ಕಾಗಿದೆ. ಸುತ್ತ ನಡೆಯುವ ದಾರಿ, ಒಳಗೆ ಚೆಂಡು ತರಬಾರದೆಂದು ಬೋರ್ಡು. ಬೇವಿನಮರ ಇದೆ, ಕಟ್ಟೆಗೆ ಟೈಲ್ಸ್ ಹಾಕಿದ್ದಾರೆ. ಕ್ಲಬ್ಬಿನ ಹುಡುಗರು ಪ್ರಾಕ್ಟೀಸಿಗೆ ಜ್ಞಾನಭಾರತಿಯ ಕಡೆ ಎಲ್ಲೋ ಬಾಡಿಗೆ ಟರ್ಫಿಗೆ ಹೋಗುತ್ತಾರೆ. ಜರ್ಸಿ ಅವರವರ ಮನೆಯಲ್ಲೇ; ಒಗೆದ ಅರ್ಧ ಗಂಟೆಗೆ ಒಣಗುವ ಬಟ್ಟೆ. ಟೀಮು ಫೋನಿನ ಗ್ರೂಪಿನಲ್ಲಿ ಬರುತ್ತದಂತೆ. ಅದರಲ್ಲಿ ಹೆಸರಿಲ್ಲದ ಹುಡುಗ ತನ್ನ ರೂಮಿನಲ್ಲಿ ಒಬ್ಬನೇ ಕೂತು ಅದನ್ನು ಓದಬೇಕು. ಹಗ್ಗದ ಕಾಲದಲ್ಲೂ ನೋವಿತ್ತು. ಆದರೆ ಅದು ಬೀದಿಗೆಲ್ಲ ಕಾಣುತ್ತಿತ್ತು. ಜರ್ಸಿ ಕಾಣದೆ ತಿರುಗಿ ಹೋಗುವ ಹುಡುಗನನ್ನು ಕರೆದು ಅಜ್ಜಿ ಕೈಗೆ ಒಂದು ಕೋಡುಬಳೆ ಕೊಡುತ್ತಿದ್ದಳು. ಫೋನಿನಲ್ಲಿ ಅದಕ್ಕೆ ಏನಿದೆಯೋ ನನಗೆ ಗೊತ್ತಿಲ್ಲ.

ಇಷ್ಟು ಬರೆದು, ಸಂಜೆ ಕಾಯಿ ತುರಿಯುತ್ತಿದ್ದ ಅಮ್ಮನಿಗೆ ಓದಿ ಹೇಳಿದೆ. ಅವಳು ತುರಿಯುವುದನ್ನು ನಿಲ್ಲಿಸದೆ ಕೇಳಿದಳು.

"ಮೂರನೇ ನಂಬರು ಮೇಲೇ ಇತ್ತು ಅಂತ ಬರ್ದಿದ್ಯ."

"ಹೂಂ. ಅಜ್ಜಿ ತೆಗೆದಾಗ ಮೇಲೇ ಇತ್ತಲ್ಲ?"

"ತಾನಾಗಿ ತಾನೇ ಮೇಲೆ ಬಂತಾ ಅದು?"

ನಾನು ಹಾಳೆ ಕೆಳಗಿಟ್ಟೆ.

"ದೊಡ್ಡಪ್ಪ ಪೆಟ್ಟಿಗೆ ತೆಗೆದ ತಕ್ಷಣ ಕಣ್ಣಿಗೆ ಬೀಳ್ಲಿ ಅಂತ ಮೇಲಿಟ್ಟಿದ್ದೆ. ಅವರು ಪಕ್ಕಕ್ಕೆ ಸರಿಸಿ ಉಳಿದದ್ದು ತಗೊಂಡ್ರು. ಅವರು ಹೋದ್ಮೇಲೆ ಮತ್ತೆ ಮೇಲಿಟ್ಟೆ. ಆ ವಾರ ನಿಮ್ಮಪ್ಪ ಕಣ್ಣು ಮುಚ್ಚಿರ್ಲಿಲ್ಲ ಕಣೇ."

"ಇದನ್ನೂ ಬರೀಲಾ?"

"ಬರಿ. ಈಗೇನು ಮೈದಾನಕ್ಕೆ ಇಳಿದು ಜಗಳ ಆಡ್ತಾರಾ?"

ಬರೆದೆ. ರಾತ್ರಿಗೆ ಅವರೆಕಾಳಿನ ಸಾರು, ಮುದ್ದೆ, ಮೇಲೆ ಸ್ವಲ್ಪ ಮಜ್ಜಿಗೆ ಅನ್ನ. ಅಪ್ಪ ಅರ್ಧ ಮುದ್ದೆ ಉಂಡು, ಸಾರನ್ನು ಎರಡು ಸಲ ಹಾಕಿಸಿಕೊಂಡರು. ಊಟ ಆದ ಮೇಲೆ ಅವರ ಮಂಚದ ಪಕ್ಕ ಕೂತು ಮೊದಲಿಂದ ಓದಿದೆ. ಗೋಲಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೇ, "ಮೊಣಕಾಲಲ್ಲ, ತೊಡೆ. ತಿದ್ದು" ಅಂದರು. ತಿದ್ದುತ್ತೇನೆ ಅಂದೆ. ಹಗ್ಗ ಅವರ ಕೈಗೆ ಬಂದದ್ದನ್ನು ಓದಿದಾಗ ಹೂಂ ಅಂದರು. ಪಾರ್ಕಿನ ವಿಷಯಕ್ಕೆ ಹೂಂ ಅನ್ನಲಿಲ್ಲ. ಪೆಟ್ಟಿಗೆಯ ಮಾತಿಗೆ ಬರುವಷ್ಟರಲ್ಲಿ ಉಸಿರು ನಿಧಾನವಾಗಿತ್ತು. ಹೊದಿಕೆಯ ಕೆಳಗೆ ಎಡಗಾಲಿನ ಪಾದ ಮಾತ್ರ ಸಣ್ಣಗೆ ಕುಣಿಯುತ್ತಿತ್ತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಮಲಗಿದ್ರಾ?"

"ಮಲಗಿದ್ರು."

"ಹಾಗಾದ್ರೆ ಉಳಿದದ್ದು ನಾಳೆ ಓದು" ಅಂದು ದೀಪ ಆರಿಸಿದಳು. ಆಮೇಲೆ ಹಿತ್ತಲಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಟವಲುಗಳನ್ನು ಒಳಗೆ ತರಲು ಹೋಗಿದ್ದಳು.